ಬಿಯರ್ ಹಬ್ಬದಲ್ಲಿ ಬೈಸಿಕೊಂಡದ್ದು

ಬಿಯರ್ ರುಚಿ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಆದರೂ ಜಪಾನಿನ ಫುನಾಬೊರಿಯ ನಮ್ಮ ಬೀದಿಯ ಬಿಯರ್ ಹಬ್ಬದ ಚರಿತ್ರೆ ಬರೆಯಲು ಕುಳಿತಿದ್ದೇನೆ. ಮದುವೆಮನೆಯ ಜಿಲೇಬಿಯನ್ನು ಚೆನ್ನಾಗಿ ವರ್ಣಿಸುವವರು ಸಕ್ಕರೆ ಕಾಯಿಲೆಯವರೇ ಅಲ್ಲವೇ?

ಈ ಹಬ್ಬ ಹುಟ್ಟಿದ್ದು ಮಳೆಯಿಂದಂತೆ. ಮಕ್ಕಳ ಆಟೋಟದ ದಿನ ಮಳೆ ಸುರಿದು ಎಲ್ಲ ರದ್ದಾಯಿತು. ಕಟ್ಟಿದ ಶಾಮಿಯಾನ ಬಿಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಸಣ್ಣದಾಗಿ ಬಿಯರ್ ತಯಾರಿಸುವ ನೆರೆಯವರೊಬ್ಬರು ಒಂದು ಪೀಪಾಯಿ ತಂದಿಟ್ಟರು. ಮರುವರ್ಷ ಮಳೆ ಬರಲಿಲ್ಲ, ಪೀಪಾಯಿ ಬಂತು. ಇಂದಿಗೂ ಸಂಬಳದವರು ಒಬ್ಬರೂ ಇಲ್ಲ. ಮೇಜು ಹೊರುವವರು, ಕಸ ಬೇರ್ಪಡಿಸುವವರು ಎಲ್ಲ ಬೀದಿಯವರೇ. ನನ್ನ ಗಂಡ ಮೇಜು ಹೊರಲು ಹೋದವರು ಬಿಯರ್ ನಲ್ಲಿಯ ಮುಂದೆ ಲೋಟ ತುಂಬಿಸಲು ನಿಂತುಬಿಟ್ಟರು. ಅವರೂ ಕುಡಿಯುತ್ತಿರಲಿಲ್ಲ. "ಮೈಸೂರಲ್ಲಿ ಕಾಫಿ ಎತ್ತಿ ಹೊಯ್ದ ಕೈ ಕಣೇ, ಒಂದು ತೊಟ್ಟು ಚೆಲ್ಲಲ್ಲ" ಎನ್ನುತ್ತಿದ್ದರು.

ಕಳೆದ ಚಳಿಗಾಲ ಅವರು ತೀರಿಕೊಂಡರು. ಅಂದಿನಿಂದ ತಪ್ಪು ಮಾಡುವ ನನ್ನ ಹಕ್ಕೂ ಹೋಯಿತು. ಇಲ್ಲಿ ಒಂದೊಂದು ಬಗೆಯ ಕಸಕ್ಕೆ ಒಂದೊಂದು ದಿನ. ತಪ್ಪಿ ಬೇರೆ ದಿನ ಇಟ್ಟರೆ ಮೊದಲೆಲ್ಲ ಚೀಟಿ ಅಂಟಿಸುತ್ತಿದ್ದ ಪಕ್ಕದವರು ಈಗ ಸದ್ದಿಲ್ಲದೆ ಚೀಲವನ್ನು ತಮ್ಮಲ್ಲಿಟ್ಟುಕೊಂಡು ಸರಿಯಾದ ದಿನ ಹಾಕುತ್ತಾರೆ. ಮಗಳು ಉಪ್ಪಿಲ್ಲದ ಸಾರಿಗೂ "ಇಟ್ಸ್ ಓಕೆ ಅಮ್ಮ, ಚೆನ್ನಾಗಿದೆ" ಎನ್ನುತ್ತಾಳೆ. ಕನಿಕರ ಒಳ್ಳೆಯದೇ. ಆದರೆ ದಿನವೂ ಅದೇ ಆದರೆ ಮನುಷ್ಯರು ಕಪಾಟಿನ ಗಾಜಿನ ಸಾಮಾನಾಗಿಬಿಡುತ್ತಾರೆ.

ಹಬ್ಬಕ್ಕೂ ನನ್ನನ್ನು ಯಾರೂ ಕರೆಯಲಿಲ್ಲ. ಸಾವಾದ ಮನೆಯವರನ್ನು ಆ ವರ್ಷ ಸಂಭ್ರಮಕ್ಕೆ ಎಳೆಯಬಾರದೆಂಬ ಪದ್ಧತಿ ನಮ್ಮಲ್ಲಿರುವಂತೆ ಇಲ್ಲಿಯೂ ಉಂಟು. ನಾನೇ ಹೋದೆ. ಹಬ್ಬದ ಹಿರಿಯರಾದ ತನಾಕಾ-ಸಾನ್ ಗಾಬರಿಯಿಂದ ಕುರ್ಚಿ ತಂದರು. "ಸುಮಿಮಾಸೆನ್, ಕ್ಷಮಿಸಿ, ಕುರ್ಚಿ ಬೇಡ, ಕೆಲಸ ಕೊಡಿ" ಎಂದೆ, ನನ್ನ ಹರುಕುಮುರುಕು ಜಪಾನಿಯಲ್ಲಿ.

ಗಂಡ ನಿಲ್ಲುತ್ತಿದ್ದ ನಲ್ಲಿಯೇ ಸಿಕ್ಕಿತು. ನಮ್ಮ ಕಡೆ ಅತಿಥಿಗೆ ಅರೆಬರೆ ತುಂಬಿದ ಲೋಟ ಕೊಟ್ಟರೆ ಜಿಪುಣತನ. ಹಾಗಾಗಿ ಲೋಟ ವಾಲಿಸಿ, ಒಂದಿಷ್ಟೂ ನೊರೆ ಬರದಂತೆ ಅಂಚಿನವರೆಗೆ ತುಂಬಿಸಿ ಹೆಮ್ಮೆಯಿಂದ ಕೊಟ್ಟೆ. ಜನ ಲೋಟ ನೋಡಿದರು, ನನ್ನ ಮುಖ ನೋಡಿದರು, ಧನ್ಯವಾದದ ಅರಿಗಾತೋ ಹೇಳಿ ತಲೆಬಾಗಿಸಿ ಹೋದರು. ಅಲ್ಲಿಯೂ ಕನಿಕರ!

ಕೊನೆಗೆ ತನಾಕಾ-ಸಾನ್‌ಗೆ ತಡೆಯಲಾಗಲಿಲ್ಲ. "ನೊರೆ ಎಲ್ಲಿ? ಇದೇನು ಬಾರ್ಲಿ ಚಹಾವಾ? ನೊರೆ ಇಲ್ಲದಿದ್ದರೆ ಬಿಯರ್ ಸತ್ತ ಹಾಗೆ!" ಎಂದು ಗದರಿದರು. ಗದರಿದ್ದು ಯಾರನ್ನೆಂದು ಮರುಕ್ಷಣವೇ ನೆನಪಾಗಿ ಮುಖ ಕೆಂಪಾಯಿತು. ಅವರು ಕ್ಷಮೆ ಕೇಳಲು ಬಗ್ಗುವ ಮೊದಲೇ ನಾನು ಇನ್ನೊಂದು ಲೋಟ ಎತ್ತಿಕೊಂಡು, "ಸರಿ, ತೋರಿಸಿ" ಎಂದೆ.

ಇಷ್ಟು ದಿನ ಎಲ್ಲರ ಕಣ್ಣಿಗೂ ನಾನು ತೀರಿಕೊಂಡವರ ಹೆಂಡತಿ. ಕೆಲಸ ಬಾರದವಳೆಂದು ಕಂಡವರು ಇವರೊಬ್ಬರೇ. ಆ ಸಂಜೆ ಇನ್ನೊಮ್ಮೆಯೂ ಬೈಸಿಕೊಂಡೆ, ನೊರೆ ಜಾಸ್ತಿಯಾಯಿತೆಂದು.