ಡಾಂಬರು ಬಿದ್ದ ದಿನ ಅಕ್ಕನ ಹಾಸು

ನಾನು ಚಿಕ್ಕವಳಿದ್ದಾಗ, ಅಂದರೆ ನಿಮ್ಮಷ್ಟೇ ಎತ್ತರ, ನಿಮಗಿಂತ ಎರಡರಷ್ಟು ತುಂಟಿ ಇದ್ದಾಗ, ಗಜೇಂದ್ರಗಡದ ನಮ್ಮ ನೇಕಾರರ ಓಣಿಗೆ ಮೊಟ್ಟಮೊದಲು ಡಾಂಬರು ಬಿತ್ತು. ಆ ಬೆಳಗ್ಗೆ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅದಕ್ಕೂ ಮೊದಲು ನಮ್ಮ ಓಣಿ ಮಳೆಗಾಲದಲ್ಲಿ ಕೆಸರಿನ ಕೊಪ್ಪರಿಗೆ. ರಾಜೂರ ಕಡೆಯ ಚಕ್ಕಡಿಗಳು ಗಾಲಿಗೆ ಎರೆಮಣ್ಣು ಮೆತ್ತಿಕೊಂಡು ಬಂದು ನಮ್ಮ ಬಾಗಿಲಲ್ಲೇ ಉದುರಿಸಿ ಹೋಗುತ್ತಿದ್ದವು. ಅವ್ವ ಒಮ್ಮೆ ನೂಲಿನ ಗಂಟು ಹೊತ್ತು ಬರುವಾಗ ಜಾರಿ ಬಿದ್ದು, ಬಿಳಿ ನೂಲೆಲ್ಲ ಕರಿದಾಗಿತ್ತು. ಪ್ರತಿ ವರ್ಷ ಯಾರೋ ಬಂದು ತಗ್ಗುಗಳಿಗೆ ಗರಸು ಮಣ್ಣು ಸುರಿದು ಹೋಗುತ್ತಿದ್ದರು. ದೀಪಾವಳಿ ಬರುವಷ್ಟರಲ್ಲಿ ಗರಸೂ ಇಲ್ಲ, ತಗ್ಗು ಮಾತ್ರ ಮೊದಲಿಗಿಂತ ಆಳ. ಬೇಸಿಗೆಯಲ್ಲಿ ಧೂಳು. ರೊಟ್ಟಿ ಕಡಿದರೂ ಹಲ್ಲಲ್ಲಿ ಕರಕರ ಎನ್ನುತ್ತಿತ್ತು.

ಆದರೆ ಆ ಓಣಿ ಬರೀ ನಡೆದಾಡುವ ದಾರಿಯಾಗಿರಲಿಲ್ಲ. ಅದು ನಮ್ಮ ಕೆಲಸದ ಅಂಗಳವೂ ಆಗಿತ್ತು. ಮಗ್ಗಕ್ಕೆ ಏರಿಸುವ ಉದ್ದ ಎಳೆಗಳಿಗೆ ಹಾಸು ಎನ್ನುತ್ತೇವೆ. ಆ ಹಾಸನ್ನು ಬೆಳಗಿನ ಹೊತ್ತು ಓಣಿಯುದ್ದಕ್ಕೂ ಎಳೆದು ಕಟ್ಟಿ, ಕವೆಗೋಲುಗಳ ಮೇಲೆ ನಿಲ್ಲಿಸಿ, ಗಂಜಿ ಹಚ್ಚಿ, ದೊಡ್ಡ ಬ್ರಷ್ಷಿನಿಂದ ಬಾಚುತ್ತಾ ಒಣಗಿಸಬೇಕು. ಹಸಿ ಇರುವಾಗ ಸಡಿಲ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಹಾಸೇ ಹಾಳು.

ಆವತ್ತು ಓಣಿಯಲ್ಲಿ ಎಳೆದಿದ್ದದ್ದು ಅಕ್ಕನ ಹಾಸು. ಆರು ಸೀರೆಗಾಗುವ, ದಾಳಿಂಬೆ ಬಣ್ಣದ ಹಾಸು. ಅಕ್ಕ ಮೊದಲ ಬಾರಿಗೆ ಯಾರ ಕೈಯೂ ತಾಗದಂತೆ ತಾನೇ ಬಣ್ಣ ಹಾಕಿ, ತಾನೇ ಎಳೆ ಜೋಡಿಸಿದ್ದಳು. ರಸ್ತೆಯವರು ಮರುದಿನ ಬರುತ್ತಾರೆಂದು ತಿಳಿದು, ಅದಕ್ಕಿಂತ ಮೊದಲೇ ಮುಗಿಸಬೇಕೆಂದು ನಸುಕಿನಲ್ಲೇ ಗಂಜಿ ಹಚ್ಚಿದ್ದಳು.

ಅಷ್ಟರಲ್ಲಿ ನೆಲ ನಡುಗಿತು. ಧಡ್ ಧಡ್ ಧಡ್! ಓಣಿಯ ತುದಿಯಲ್ಲಿ ರೋಲರ್ ಗಾಡಿ ಮೂತಿ ತೋರಿಸಿತು. ಮುಂದಿನ ಗಾಲಿ ನಮ್ಮ ಮನೆಯ ಬಾಗಿಲಷ್ಟು ಅಗಲ! ನಾನು ಕುಣಿದಾಡಿಬಿಟ್ಟೆ. ಅದರ ಹಿಂದೆ ಕೆಲಸದವರು, ಕಾಲಿಗೆ ಗೋಣಿತಟ್ಟು ಸುತ್ತಿಕೊಂಡ ಗಂಡಸರು, ತಲೆಯ ಮೇಲೆ ಖಡಿ, ಅಂದರೆ ಜಲ್ಲಿಕಲ್ಲು, ತುಂಬಿದ ಬುಟ್ಟಿ ಹೊತ್ತ ಹೆಂಗಸರು. ಮೂಲೆಯಲ್ಲಿ ಆಗಲೇ ಡ್ರಮ್ಮಿನ ಕೆಳಗೆ ಬೆಂಕಿ ಉರಿಯುತ್ತಿತ್ತು. ಕಾದ ಡಾಂಬರಿನ ಘಾಟು ಮೂಗಿಗೆ ಬಡಿಯಿತು.

ಅಪ್ಪ ಓಡಿಹೋಗಿ ಮೇಸ್ತ್ರಿಯನ್ನು ತಡೆದರು.

"ನಾಳಿ ಬರ್ತೀವಿ ಅಂದಿದ್ರಲ್ರಿ ಮೇಸ್ತ್ರಿ!"

"ಅಂದಿದ್ದು ಖರೇ ಐತ್ರಿ. ಆದ್ರ ಮುಗಿಲು ನೋಡ್ರಿ, ಹ್ಯಾಂಗ ಕವಿದೈತಿ. ಹಸಿ ನೆಲದ ಮ್ಯಾಲ ಡಾಂಬರ ಹಿಡ್ಯಂಗಿಲ್ಲ. ನಾಳಿ ಸಂಜಿಗೆ ಈ ರೋಲರ್ ರೋಣದ ರಸ್ತಾಕ್ಕ ಹೊಂಟೈತಿ. ಆಮ್ಯಾಲ ಯಾವಾಗ ಬರ್ತೈತೋ ನನಗೂ ಗೊತ್ತಿಲ್ರಿ."

ಓಣಿಯ ತುದಿಯಲ್ಲಿ ಹತ್ತಿ ವ್ಯಾಪಾರ ಮಾಡುವ ಮಾಮಾ ಇದ್ದರು. ಓಣಿಯಲ್ಲೇ ಎಲ್ಲರಿಗಿಂತ ಎತ್ತರದ ಮನುಷ್ಯ, ಹಾಲಿನಂಥ ಬಿಳಿ ಧೋತರ. ಈ ರಸ್ತೆಗಾಗಿ ಎಷ್ಟೋ ವರ್ಷ ಅರ್ಜಿ ಬರೆದವರು ಅವರೇ. ಅವರಿಗೆ ಸಿಟ್ಟು ಬಂತು.

"ಒಂದ ಹಾಸಿನ ಸಲುವಾಗಿ ಇಡೀ ಓಣಿ ಮತ್ತೊಂದು ವರ್ಷ ಕೆಸರು ತುಳೀಬೇಕೇನು?"

ಅವರು ಹೇಳಿದ್ದೂ ಸುಳ್ಳಲ್ಲ. ಅಕ್ಕ ಬ್ರಷ್ ಹಿಡಿದು ನಿಂತೇ ಇದ್ದಳು.

"ಕತ್ತರಿಸಿಬಿಡಪ್ಪಾ," ಎಂದಳು ಮೆಲ್ಲಗೆ. "ರಸ್ತಾ ಆಗ್ಲಿ."

ಆಗ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ಕಣ್ಣಾಡಿಸಿದಳು. ಮನೆಮನೆಯ ಮುಂದೆ ಕಲ್ಲಿನ ಕಟ್ಟೆಗಳು ಸಾಲಾಗಿದ್ದವು.

"ಕತ್ತರಸೂದು ಯಾಕ? ಎತ್ರಿ ಮ್ಯಾಲ! ಓಣಿ ತುಂಬ ಕಟ್ಟಿ ಅದಾವು, ಕಟ್ಟಿ ತುಂಬ ಮಂದಿ ಅದಾರ."

"ಇದು ಆಗೂ ಮಾತೇನ್ರಿ ಅವ್ವಾರ?" ಎಂದರು ಮೇಸ್ತ್ರಿ.

"ಆಗತೈತೋ ಇಲ್ಲೋ, ಹಿಡದ ನೋಡೂಣು. ಲಗೂ ಬರ್ರಿ ಎಲ್ಲಾರೂ!"

ಮಕ್ಕಳೇ, ಓಣಿ ಹೇಗೆ ಎದ್ದಿತು ಅಂತೀರಿ! ಮಗ್ಗ ಬಿಟ್ಟು ಗಂಡಸರು, ಒಲೆ ಬಿಟ್ಟು ಹೆಂಗಸರು, ಆಟ ಬಿಟ್ಟು ನಾವು. ಹಾಸಿನ ನಡುನಡುವೆ ಬಿದಿರಿನ ಕಡ್ಡಿಗಳಿದ್ದವು. ಒಂದೊಂದು ಕಡ್ಡಿಗೆ ಇಬ್ಬಿಬ್ಬರು. ಎರಡೂ ತುದಿಗಳನ್ನು ಅಪ್ಪನೂ ನಾಲ್ಕು ಜನ ನೇಕಾರರೂ ಜಗ್ಗಿ ಹಿಡಿದರು. "ಹೂಂ, ಎತ್ರಿ!" ಎಂದು ಅವ್ವ ಕೂಗಿದಾಗ ಇಡೀ ದಾಳಿಂಬೆ ಬಣ್ಣದ ಹೊಳೆ ಕವೆಗೋಲುಗಳಿಂದ ಮೇಲೆದ್ದಿತು. ಒಂದೇ ಹೆಜ್ಜೆಯಲ್ಲಿ ಅಡ್ಡಡ್ಡ ನಡೆದು ಎಲ್ಲರೂ ನಮ್ಮ ಮನೆಯ ಬದಿಯ ಕಟ್ಟೆಗಳನ್ನು ಹತ್ತಿದೆವು. ಒಂದು ತುದಿ ನಮ್ಮ ಮನೆಯ ಕಂಬಕ್ಕೆ, ಇನ್ನೊಂದು ತುದಿಯನ್ನು ಅದೇ ಬದಿಯ ಬೇವಿನ ಮರಕ್ಕೆ ಕಟ್ಟಿದರು.

ಆದರೆ ಕಟ್ಟೆಗಳೆಲ್ಲ ಒಂದೇ ಎತ್ತರ ಇರಬೇಕಲ್ಲ? ಹಾಸು ಒಂದು ಕಡೆ ಉಬ್ಬಿತು, ಒಂದು ಕಡೆ ತಗ್ಗಿತು. ಅಪ್ಪ ಕೂಗಿದರು: "ಎತ್ತರದವರು ಗಿಡ್ಡ ಕಟ್ಟಿಗೆ ಬರ್ರಿ, ಸಣ್ಣವರು ಎತ್ತರದ ಕಟ್ಟಿ ಹತ್ರಿ!" ನಮ್ಮ ಓಣಿಯಲ್ಲಿ ಎಲ್ಲಕ್ಕಿಂತ ಗಿಡ್ಡ ಕಟ್ಟೆಗೆ ಎಲ್ಲರಿಗಿಂತ ಎತ್ತರದವರು ಬೇಕಿತ್ತು. ಎಲ್ಲರೂ ತಿರುಗಿ ನೋಡಿದರು. ವ್ಯಾಪಾರಿ ಮಾಮಾ ತಮ್ಮ ಬಿಳಿ ಧೋತರ ನೋಡಿಕೊಂಡರು. ಆಮೇಲೆ ಅದನ್ನು ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು ಬಂದು ಕಡ್ಡಿಗೆ ಕೈ ಕೊಟ್ಟರು.

ಎಲ್ಲಕ್ಕಿಂತ ಎತ್ತರದ ಕಟ್ಟೆ ನನ್ನ ಪಾಲಿಗೆ ಬಂತು. ಹಾಸು ನನ್ನ ಗಲ್ಲದ ಹತ್ತಿರವೇ ಇತ್ತು, ಗಂಜಿಯ ಹುಳಿ ವಾಸನೆ ಬೇರೆ. ಕೆಳಗೆ ಕೆಲಸ ಶುರುವಾಯಿತು. ಖಡಿ ಹಾಸಿದ ಮೇಲೆ ಜಾಲರಿ ಮೂತಿಯ ಡಬ್ಬಿಯಿಂದ ಡಾಂಬರು ಸುರಿದರು. ಹೊಳೆಯುವ, ಗುಳುಗುಳು ಎನ್ನುವ ಕರಿ ಪಾಯಸ! ಅದು ಸಿಡಿದರೆ ಹಾಸಿನ ಮೇಲೆ ಕಲೆ. ಬುಟ್ಟಿ ಹೊರುವ ಇಬ್ಬರು ಹೆಂಗಸರು ತಾವಾಗಿಯೇ ಖಾಲಿ ಗೋಣಿಚೀಲಗಳನ್ನು ಪರದೆಯಂತೆ ನಮ್ಮ ಮುಂದೆ ಹಿಡಿದು, ಡಾಂಬರು ಮುಂದೆ ಹೋದಂತೆ ತಾವೂ ಮುಂದೆ ಹೋದರು. ಅಕ್ಕನಂತೂ ಬ್ರಷ್ ಹಿಡಿದು ಕಟ್ಟೆಯಿಂದ ಕಟ್ಟೆಗೆ ಆಡಿನ ಮರಿಯಂತೆ ಜಿಗಿಯುತ್ತಾ ಎಳೆಗಳನ್ನು ಬಾಚುತ್ತಿದ್ದಳು.

ಆಮೇಲೆ ರೋಲರ್ ಹೊರಟಿತು. ಕಟ್ಟೆ ಗಡಗಡ ನಡುಗಿತು, ನನ್ನ ಹಲ್ಲೂ ನಡುಗಿದವು. "ನಿಧಾನ! ನಿಧಾನಪ್ಪೋ!" ಎಂದು ಮೇಸ್ತ್ರಿ ಗಾಡಿಯ ಮುಂದೆ ಹಿಂದುಹಿಂದಾಗಿ ನಡೆದರು. ರೋಲರ್ ಇರುವೆಯಂತೆ ಬಂತು. ನನ್ನ ಕೈ ಜೋಮು ಹಿಡಿದಿತ್ತು, ಹೊಗೆಗೆ ಕಣ್ಣಲ್ಲಿ ನೀರು. ಅದು ಸರಿಯಾಗಿ ನನ್ನ ಮುಂದೆ ಬಂದಾಗ, ಪಟ್!

ಒಂದು ಎಳೆ ಕಡಿಯಿತು. ಅದರ ತುದಿ ಹಾಸಿನ ಒಳಗೆ ಜಾರಿದರೆ ಹತ್ತಾರು ಎಳೆಗಳನ್ನು ಸುತ್ತಿಕೊಳ್ಳುತ್ತಿತ್ತು. ಕೈ ಬಿಡುವಂತಿಲ್ಲ. ಕುತ್ತಿಗೆ ಚಾಚಿ ಹಲ್ಲಿನಲ್ಲಿ ಕಚ್ಚಿ ಹಿಡಿದೆ! ಬಾಯಿ ತುಂಬ ಗಂಜಿ. ಕೂಗೋಣವೆಂದರೆ ಬಾಯಿ ತೆರೆಯುವಂತಿಲ್ಲ. "ಹೂಂ! ಹೂಂ!" ಎಂದು ಮೂಗಿನಿಂದಲೇ ಅರಚಿದೆ. ಅಕ್ಕ ಮೂರು ಕಟ್ಟೆ ಹಾರಿ ಬಂದಳು. ನನ್ನ ಮುಖ ನೋಡಿ ಅಳುವಿನ ನಡುವೆಯೇ ನಕ್ಕಳು, ನನ್ನ ಹಲ್ಲಿನಿಂದ ಎಳೆ ಬಿಡಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿದಳು. "ನನ್ನ ಬಂಗಾರ," ಎಂದಳು. ಆ ಮಾತಿಗೆ ನನ್ನ ಕೈನೋವೆಲ್ಲ ಹಾರಿಹೋಯಿತು.

ಹೊತ್ತೇರಿ, ಮೋಡದ ಸಂದಿನ ಬಿಸಿಲಿಗೆ ಗಂಜಿ ಒಣಗಿದಾಗ ಅಪ್ಪ ಹಾಸನ್ನು ಬೆರಳಿನಿಂದ ಮೀಟಿದರು. ಟಂಗ್ ಎಂದಿತು. "ಆತು!" ಎಂದದ್ದೇ ತಡ, ಕಟ್ಟೆಯ ಮೇಲಿದ್ದವರೂ ರಸ್ತೆಯಲ್ಲಿದ್ದವರೂ ಒಟ್ಟಿಗೇ ಕೇಕೆ ಹಾಕಿದರು. ವ್ಯಾಪಾರಿ ಮಾಮಾನ ಧೋತರದ ಮೇಲೆ ಮೂರು ಕರಿ ಚುಕ್ಕೆ ಬಿದ್ದಿದ್ದವು. ಅಕ್ಕ ಗಾಬರಿಯಿಂದ ನೋಡಿದರೆ ಅವರು, "ಇರ್ಲಿ ಬಿಡವ್ವಾ, ಹಾಸಿನ ಮ್ಯಾಲ ಬಿದ್ದಿಲ್ಲಲ್ಲ," ಎಂದರು.

ಹೊರಡುವ ಮುನ್ನ ಮೇಸ್ತ್ರಿ ಅಕ್ಕನನ್ನು ಕರೆದರು. "ಇನ್ನ ಮ್ಯಾಲ ಹಾಸಿನ ಗೂಟ ಎಲ್ಲೆ ನೆಡತೀಯವ್ವಾ? ಡಾಂಬರದಾಗ ಇಳ್ಯಂಗಿಲ್ಲ. ಜಾಗಾ ತೋರ್ಸು, ತೂತು ಬಿಟ್ಟ ಹೋಗ್ತೀನಿ." ಅಕ್ಕ ಹೆಜ್ಜೆಯಿಂದ ಅಳೆದು ತೋರಿಸಿದಳು. ಅವಳು ತೋರಿಸಿದಲ್ಲೆಲ್ಲ ರಸ್ತೆಯ ಅಂಚಿಗೆ ತೂತಿನ ಕಲ್ಲುಗಳು ಕೂತವು. ಕೆಲಸದವರೆಲ್ಲರಿಗೂ ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಸಂಜೆ ಮಳೆ ಧೋ ಎಂದು ಸುರಿಯಿತು. ನಾನು ಹೊಸ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿದೆ. ಕೆಳಗೆ ಇನ್ನೂ ಬೆಚ್ಚಗೆ, ಮೇಲೆ ತಣ್ಣಗೆ!

ಈಗ ನಮ್ಮ ಓಣಿ ಸಿಮೆಂಟಿನದು. ಮೊನ್ನೆ ನಳದ ಪೈಪಿಗೆ ಅಗೆದಲ್ಲಿ ಗುಂಡಿ ಬಿದ್ದಾಗ ನಿಮ್ಮಲ್ಲಿ ದೊಡ್ಡವಳು ಫೋನಿನಲ್ಲಿ ಫೋಟೋ ತೆಗೆದು ಪುರಸಭೆಗೆ ಕಳಿಸಿದಳು. ನಾಲ್ಕನೇ ದಿನ ನೀವು ಶಾಲೆಯಿಂದ ಬರುವಷ್ಟರಲ್ಲಿ ಗುಂಡಿ ಮುಚ್ಚಿತ್ತು. ಎಷ್ಟೋ ಅರ್ಜಿಗಳು ಮಾಡದ ಕೆಲಸವನ್ನು ಒಂದು ಫೋಟೋ ಮಾಡಿತಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತು! ಆದರೆ ಮುಚ್ಚಿದವರು ಯಾರೆಂದು ಕೇಳಿದರೆ ನಿಮಗೆ ಗೊತ್ತಿರಲಿಲ್ಲ. ನಾನು ನೋಡಿದ್ದೆ. ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವಳು ಹಸಿ ಸಿಮೆಂಟನ್ನು ಮಗುವಿನ ಬೆನ್ನು ಸವರಿದಂತೆ ಸವರಿ, ಯಾರೂ ತುಳಿಯದಿರಲೆಂದು ಸುತ್ತ ಜಾಲಿಮುಳ್ಳಿಟ್ಟು ಹೋದಳು. ಮುಂದಿನ ಸಲ ಅವರು ಬಂದಾಗ ರಜೆ ಇದ್ದರೆ ನೀವೂ ಹೊರಗೆ ಬನ್ನಿ. ಬರುವಾಗ ಒಂದು ತಂಬಿಗೆ ತಣ್ಣೀರು ತನ್ನಿ, ಪಕ್ಕದಲ್ಲಿ ಕೂತು ಮಾತಾಡಿಸಿ. ರಸ್ತೆ ಮಾಡುವವರ ಹತ್ತಿರ ಕಥೆಗಳಿಗೇನೂ ಬರವಿಲ್ಲ.