ಶುಕ್ರವಾರದ ಬೀಗ

ಪುಣೆಯಲ್ಲಿ ಬಿ.ಎಸ್‌ಸಿ. ಮುಗಿಸಿದ ಮೇಲೆ ಹೈದರಾಬಾದಿನ ವೈದ್ಯ ಕಾಲೇಜಿಗೆ ಅರ್ಜಿ ಬರೆದೆ. ಶುಕ್ರವಾರದೊಳಗೆ ಅದು ಕಲಬುರಗಿಯ ಸರ್ಕಾರಿ ಕಚೇರಿಗೆ ಮುಟ್ಟಬೇಕಿತ್ತು. ತಪ್ಪಿದರೆ ಒಂದು ವರ್ಷ ಹಾಳು. ನಾನು ನಿಜಾಮರ ಸೀಮೆಯವನೇ ಎಂಬ ಮುಲ್ಕಿ ಪತ್ರಕ್ಕೆ ನಮ್ಮೂರು ಕಮಲಾಪುರದ ಪಟೇಲರ ಸಹಿ ಸಿಕ್ಕಿದ್ದೇ ಗುರುವಾರ ಸಂಜೆ.

ಮರುದಿನ ಮೋಟಾರು ಹಿಡಿದು ಕಚೇರಿ ಮುಟ್ಟಿದರೆ ಬಾಗಿಲಿಗೆ ಬೀಗ. ಶುಕ್ರವಾರ ರಜೆ! ಪುಣೆಯ ರವಿವಾರಗಳಿಗೆ ಒಗ್ಗಿಹೋಗಿ ನಮ್ಮ ಸೀಮೆಯ ರಜೆಯನ್ನೇ ಮರೆತಿದ್ದೆ.

ವಿಚಾರಿಸಿಕೊಂಡು, ಕಚೇರಿಯ ಗುಮಾಸ್ತರಾದ ಮುನ್ಷಿಯವರ ಬ್ರಹ್ಮಪುರ ಓಣಿಯ ಮನೆಗೆ ಓಡಿದೆ. ಕ್ಷೌರಿಕನ ಮುಂದೆ ಕೂತಿದ್ದ ಅವರ ಅರ್ಧ ಗಡ್ಡ ಮಾತ್ರ ಬೋಳಾಗಿತ್ತು.

“ಇವತ್ತೇ ಕಡೀ ದಿನ ಅದರೀ, ಮುನ್ಷಿ ಸಾಹೇಬ್ರ,” ಎಂದು ಅರ್ಜಿ ಚಾಚಿದೆ.

“ಹುಚ್ಚಪ್ಪಾ, ಬೀಗ ಹಾಕಿದ ದಿನ ಕಡೀ ದಿನ ಹ್ಯಾಂಗ ಆಗ್ತದ? ಅದು ನಾಳಿಗಿ ಹೋಗ್ಯದ. ಮನ್ಯಾಗ ಅರ್ಜಿ ತೊಗೊಂಡ್ರ ನನ್ನ ನೌಕರಿನೇ ಹೋಗ್ತದ. ನಾಳಿ ಬಾ.”

“ನಾಳಿ ತಡಾ ಆತು ಅಂದ್ರ?”

“ಅನ್ನಾವ ನಾನೇ ಅಲ್ಲೇನೋ?”

ಆದರೂ ನಂಬಿಕೆ ಬರಲಿಲ್ಲ. ಧರ್ಮಶಾಲೆಯಲ್ಲಿ ನಿದ್ದೆಗೆಟ್ಟು, ಶನಿವಾರ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಮುನ್ಷಿ ನನ್ನನ್ನು ಅಧಿಕಾರಿಯ ಮುಂದೆ ನಿಲ್ಲಿಸಿ, “ಹುಜೂರ್, ಈ ಹುಡುಗ ನಿನ್ನೇನೇ ಬಂದಿದ್ದ,” ಎಂದರು.

ಅಧಿಕಾರಿ ಮೆಚ್ಚಿ ತಲೆದೂಗಿ ಮೊಹರು ಒತ್ತಿದರು. ನಿನ್ನೆ ರಜೆಯ ದಿನ ಯಾಕೆ ಬಂದಿದ್ದೆ ಎಂದು ಅವರು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.