ಎಡಕ್ಕೆ ವಾಲಿದ ಸೀಟು

ಪೀಣ್ಯ ಎರಡನೇ ಹಂತದ ಆ ಶೆಡ್ಡಿನಲ್ಲಿ ರೇಸ್ ಕಾರು ತಯಾರಾಗುತ್ತದೆ ಎಂದರೆ ಪಕ್ಕದ ಲೇತ್ ಅಂಗಡಿಯವರೇ ನಂಬುತ್ತಿರಲಿಲ್ಲ. ದೇವರಾಜ್ ನಕ್ಷೆ ಬರೆಯುತ್ತಿದ್ದರು. ಹೆಂಡತಿ ವಸಂತಮ್ಮ ಅಚ್ಚಿನೊಳಗೆ ಫೈಬರ್ ಹಾಸಿ ಕಾರಿನ ಮೈ ತೆಗೆಯುತ್ತಿದ್ದರು. ಮಗಳು ಆಶಾರಾಣಿ ಓಡಿಸುತ್ತಿದ್ದಳು. ಎಂಟು ವರ್ಷದಲ್ಲಿ ಐದು ಕಾರು. ಐದಕ್ಕೂ ಪೈಪು ಬೆಸೆದು ಚೌಕಟ್ಟು ಕಟ್ಟಿದವನು ಯಮನಪ್ಪ.

ಬಾಗಲಕೋಟೆಯಲ್ಲಿ ಕಿಟಕಿ ಗ್ರಿಲ್ ಮಾಡಿಕೊಂಡಿದ್ದವನು ಅವ್ವ ತೀರಿಕೊಂಡ ವರ್ಷ, 2001ರಲ್ಲಿ, ಇಲ್ಲಿಗೆ ಬಂದ. ಲಗ್ಗೆರೆಯಲ್ಲೊಂದು ಕೋಣೆ, ಒಂದು ಸ್ಟವ್. ಭಾನುವಾರವಿಡೀ ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಗಂಟಲು ಸರಿಮಾಡಿಕೊಂಡೇ ಒಳಗೆ ಬರುತ್ತಿದ್ದ.

“ಯಮನ ಹೆಸರಿಟ್ಕೊಂಡೋನ ಕೈಲಿ ಮಗಳ ಗಾಡಿ ಮಾಡಿಸ್ತಿದೀನಿ, ನನ್ ಧೈರ್ಯ ನೋಡ್ರಪ್ಪಾ!” ಎಂದು ದೇವರಾಜ್ ಬಂದವರಿಗೆಲ್ಲ ಹೇಳುತ್ತಿದ್ದರು. ಯಮನಪ್ಪನೂ ನಗುತ್ತಿದ್ದ.

ಗೋಡೆಯ ಮೇಲೆ ಹಳೆಯ ಪತ್ರಿಕೆಯ ಒಂದು ಹಾಳೆ ಅಂಟಿಸಿತ್ತು. ಇಟಲಿಯ ಯಾವುದೋ ಊರಿನ ಪುಟ್ಟ ಕಾರ್ಖಾನೆ. ಅಪ್ಪ, ಇಬ್ಬರು ಮಕ್ಕಳು, ನಡುವೆ ಅವರು ಕಟ್ಟಿದ ರೇಸ್ ಕಾರು. “ಇವ್ರೂ ನಮ್ಮಂಗೇ ಕಣಯ್ಯ, ಮನೆಮಂದಿಯೆಲ್ಲಾ ಸೇರಿ ಮಾಡೋರು,” ಎನ್ನುತ್ತಿದ್ದರು ದೇವರಾಜ್. ಚಿತ್ರದ ಅಂಚಿನಲ್ಲಿ ವೆಲ್ಡಿಂಗ್ ಗನ್ ಹಿಡಿದ ಇನ್ನೊಬ್ಬನಿದ್ದ. ಕೆಳಗೆ ಅವನ ಹೆಸರಿರಲಿಲ್ಲ.

ಚೆನ್ನೈ ಟ್ರ್ಯಾಕಿಗೆ ಮನೆಯವರಷ್ಟೇ ಹೋಗುತ್ತಿದ್ದರು. ತಾನು ಬೆಸೆದ ಕಾರು ಓಡಿದ್ದನ್ನು ಯಮನಪ್ಪ ಒಮ್ಮೆಯೂ ನೋಡಿರಲಿಲ್ಲ.

ಐದನೆಯ ಕಾರಿಗೆ ಮೊದಲ ಸಲ ಫೋಮ್ ಸೀಟು ಎರಕ ಹೊಯ್ದರು. ಚಾಲಕ ಕಾರಿನೊಳಗೆ ಕೂರಬೇಕು. ಬೆನ್ನಿನ ಹಿಂದಿನ ಪ್ಲಾಸ್ಟಿಕ್ ಚೀಲಕ್ಕೆ ಎರಡು ದ್ರಾವಣ ಬೆರೆಸಿ ಸುರಿದರೆ ಅದು ಉಬ್ಬಿ, ಬೆನ್ನಿನ ಆಕಾರಕ್ಕೆ ಗಟ್ಟಿಯಾಗುತ್ತದೆ. ಆಶಾರಾಣಿ ಆಗ ಕೊಯಮತ್ತೂರಿನಲ್ಲಿ ಎಂ.ಟೆಕ್ ಓದುತ್ತಿದ್ದಳು. ಇಬ್ಬರ ಎತ್ತರವೂ ಒಂದೇ ಎಂದು ಯಮನಪ್ಪನನ್ನು ಕೂರಿಸಿದರು. ಇಪ್ಪತ್ತು ನಿಮಿಷ ಅಲುಗುವಂತಿಲ್ಲ. ಫೋಮ್ ಬೆಚ್ಚಗೆ ಸೊಂಟದಿಂದ ಮೇಲೇರಿ, ಪಕ್ಕೆ ಹಿಡಿದು, ಭುಜದವರೆಗೂ ಬಂತು. ಅವ್ವ ಹೋದ ಮೇಲೆ ಅವನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಕಾರು ಚೆನ್ನೈಗೆ ಹೊರಟಾಗ, ತನ್ನ ಬೆನ್ನಾದರೂ ಹೋಗುತ್ತಿದೆ ಅಂದುಕೊಂಡ.

ಮರಳಿ ಬಂದ ದೇವರಾಜ್ ಮುಖ ಸಿಂಡರಿಸಿಕೊಂಡಿದ್ದರು. “ಕಾರ್ ಎಡಕ್ಕೆ ಎಳೀತದೆ ಅಂತಾಳೆ ಮಗಳು. ಚೌಕಟ್ಟೇ ಸೊಟ್ಟ ಇರ್ಬೇಕು. ನಾಳೆ ಎಡಗಡೆ ಕತ್ತರಿಸಿಬಿಡಣ.”

ಯಮನಪ್ಪ ದಾರ ಹಿಡಿದು ಎರಡು ಸಲ ಅಳೆದರೂ ಚೌಕಟ್ಟು ನೆಟ್ಟಗಿತ್ತು. ಸಂಜೆ ಕಾರು ಒರೆಸುವಾಗ ಅವನ ಕೈ ಸೀಟಿನ ಮೇಲೆ ನಿಂತಿತು. ಎಡಭುಜದ ಗುಳಿ ಬಲದ್ದಕ್ಕಿಂತ ಎರಡು ಬೆರಳು ಕೆಳಗಿತ್ತು. ವರ್ಷಗಟ್ಟಲೆ ಎಡಕ್ಕೆ ಬಾಗಿ ಬೆಸೆದವನ ಭುಜ ಅದು. ಅದರಲ್ಲಿ ಕೂತವರ ಮೈ ಎಡಕ್ಕೆ ವಾಲುತ್ತದೆ, ಸ್ಟಿಯರಿಂಗ್ ಹಿಡಿದ ಕೈಯೂ ಅತ್ತಲೇ ಎಳೆಯುತ್ತದೆ.

ಸುಮ್ಮನಿದ್ದರೆ ಚೌಕಟ್ಟು ಕತ್ತರಿಸುತ್ತಾರೆ, ತಾನೇ ಮತ್ತೆ ಬೆಸೆಯುತ್ತಾನೆ. ಸೀಟು ಮಾತ್ರ ಉಳಿಯುತ್ತದೆ. ಹೇಳಿದರೆ ಸೀಟು ಹೋಗುತ್ತದೆ, ಕಾರಿನಲ್ಲಿ ಅವನ ಮೈಯ ಗುರುತೇ ಉಳಿಯುವುದಿಲ್ಲ. ಆದರೆ ಆ ವೇಗದಲ್ಲಿ ಅದರಲ್ಲಿ ಕೂರುವವಳು ಆ ಹುಡುಗಿ.

ಬೆಳಿಗ್ಗೆ ದೇವರಾಜ್ ಕಟಿಂಗ್ ಮಷೀನಿನ ಪ್ಲಗ್ ಸಿಕ್ಕಿಸುತ್ತಿದ್ದರು.

“ಸಾವ್ಕಾರ್ರ, ಗಾಡಿ ಸೊಟ್ಟ ಇಲ್ರಿ,” ಎಂದ ಯಮನಪ್ಪ. “ನಾ ಸೊಟ್ಟ ಅದೀನ್ರಿ.” ಅಂಗಿ ಬಿಚ್ಚಿ ಬೆನ್ನು ತೋರಿಸಿದ.

ದೇವರಾಜ್ ಪ್ಲಗ್ ಕಿತ್ತು ಹತ್ತಿರ ಬಂದು ನೋಡಿದರು. “ಎಂಟು ವರ್ಷ ಎದುರಿಗೇ ಇದೀಯ. ನಂಗೆ ಕಾಣ್ಲೇ ಇಲ್ವಲ್ಲಯ್ಯ!”

ಹಳೆಯ ಫೋಮನ್ನು ಯಮನಪ್ಪನೇ ಕೆತ್ತಿ ತೆಗೆದ. ವಸಂತಮ್ಮ ಅದನ್ನು ಗುಡಿಸಿ ಕಸದ ಚೀಲಕ್ಕೆ ತುಂಬಿದರು. ಶನಿವಾರ ಆಶಾರಾಣಿ ಬಂದು ಕಾರಿನೊಳಗೆ ಕೂತಳು. ಅವನು ದ್ರಾವಣ ಸುರಿದ.

“ಯಮನಪ್ಪಣ್ಣ, ನೋಯುತ್ತಾ ಆ ಭುಜ?”

“ಏನಿಲ್ರಿ ಅಕ್ಕಾರ. ಅಲುಗಾಡಬ್ಯಾಡ್ರಿ,” ಬಾಯಿ ತಾನಾಗಿಯೇ ಅಂದುಬಿಟ್ಟಿತು.

ಅವಳು ಕಣ್ಣು ಮುಚ್ಚಿದಳು. ನೋಯುತ್ತದೆ, ಚಳಿಗಾಲದಲ್ಲಿ ಜಾಸ್ತಿ, ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಹೇಳಬೇಕಾದದ್ದೆಲ್ಲ ಈಗ ಒಂದೊಂದಾಗಿ ಮನಸ್ಸಿಗೆ ಬಂತು. ಅವಳ ಭುಜಗಳ ಮಟ್ಟ ನೋಡುತ್ತ ಅವನು ಪಕ್ಕದಲ್ಲೇ ನಿಂತ.

“ಆಯ್ತಾ ಅಣ್ಣ?”

ಫೋಮ್ ಆಗಲೇ ಗಟ್ಟಿಯಾಗಿತ್ತು.

“ಇನ್ನೊಂದೀಟು ಹೊತ್ತು ಕುಂದರ್ರಿ,” ಎಂದ ಯಮನಪ್ಪ.